ಸಂಘದ ಸುದ್ದಿ ಹೊತ್ತು ಚಿಲಕ ಬಡಿಯುವ ದ್ಯಾಮವ್ವ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ ಬೆಳಕಿಗಿಂತ ಮೊದಲು ಹೊಗೆ ಬರುತ್ತದೆ. ಶನಿವಾರದ ಮುಂಜಾವು. ಗಿರಣಿಯ ಕೂಗು ಆಗಲೇ ಆಗಿದೆ, ಗಂಡಸರು ಬುತ್ತಿಗಂಟು ಹಿಡಿದು ಹೊರಟುಹೋಗಿದ್ದಾರೆ. ಬಾಣಲೆಯ ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಟಪಟದ ನಡುವೆ ಇನ್ನೊಂದು ಸದ್ದು ಕೇಳುತ್ತದೆ. ಯಾರೋ ಬಾಗಿಲಿನ ಚಿಲಕವನ್ನು ಎರಡು ಸಲ ಬಡಿಯುತ್ತಿದ್ದಾರೆ. ಜೋರಾಗಿ ಅಲ್ಲ. ಮಲಗಿದ ಕೂಸು ಏಳದಷ್ಟು, ಎದ್ದ ತಾಯಿಗೆ ಕೇಳುವಷ್ಟು.

"ಅವ್ವಾ, ಸಂಘದ ಸುದ್ದಿ ಬಂದೈತೆ. ಕೈ ತೊಳ್ಕೊಂಡು ಬರ್ರಿ!"

ಬಾಗಿಲು ತೆಗೆದವಳು ಫಕ್ರುನ್ನೀಸಾ. ಭಟ್ಟಿಯ ಕೆಲಸದ ಹೆಂಗಸು, ಸಾರ್ವಜನಿಕ ಆರೋಗ್ಯ ಸಂಘದ ಸದಸ್ಯೆ. ಕೈತುಂಬ ಮಸಿ, ಬಾಯಿತುಂಬ ನಗು.

"ಅರೆ ದ್ಯಾಮಕ್ಕಾ, ದಿನಾ ಕೈ ತೊಳ್ಕೊಂಡು ಬಾ ಅಂತೀಯ. ಒಂದಿನ ಆದ್ರೂ ಊಟಕ್ಕೆ ಹಾಕಿದ್ದೀಯೇನು?"

"ಊಟ ನಿನ್ ಮನ್ಯಾಗೆ ಮಾಡು. ನಾನು ಹೇಳಾದು ಕೇಳು. ಗುರುವಾರ ಸಂಘದಾಗೆ ಕೂಸುಗಳ್ನ ತೂಗ್ತಾರೆ. ನಿನ್ ಮೊಮ್ಮಗನ್ನ ಕರ್ಕೊಂಬಾ. ಹೋದ ಸಲ ನಿಮ್ ಮಂಡಕ್ಕಿ ಹಂಗೇ ಇದ್ದ, ಊದಿದ್ರೆ ಹಾರ್ಬೇಕು."

"ಕೂಸಿನ್ನ ತೂಗಿದ್ರೆ ನಜರ್ ಆಗ್ತೈತೆ, ಕೆಟ್ಟ ದೃಷ್ಟಿ ತಾಗ್ತೈತೆ ಅಂತಾರೆ ನಮ್ಮತ್ತೆ."

"ನಿಮ್ಮತ್ತೀನೂ ಕರ್ಕೊಂಬಾ. ಆಕಿನ್ನೂ ತೂಗ್ಸಾಣ."

ಒಳಗಿನಿಂದ ಮುದುಕಿಯೊಬ್ಬಳು ಗೊಣಗುವುದು ಕೇಳುತ್ತದೆ. ದ್ಯಾಮವ್ವ ದನಿ ಏರಿಸಿ ಉಳಿದ ಸುದ್ದಿಯನ್ನು ಆ ಮುದುಕಿಗೂ ಸೇರಿಸಿಯೇ ಹೇಳುತ್ತಾಳೆ. ಶುಕ್ರವಾರ ಸಂಜೆ ಪಿ.ಜೆ. ಬಡಾವಣೆಯ ಬಯಲಿನಲ್ಲಿ ನೊಣ ರೋಗ ಹರಡುವುದನ್ನು ತೋರಿಸುವ ಸಿನಿಮಾ, ಕಾಸು ಕೊಡಬೇಕಾಗಿಲ್ಲ, ಕೂರಲು ಗೋಣಿಚೀಲ ನೀವೇ ತರಬೇಕು. ಹುಣ್ಣಿಮೆಯ ಮರುದಿನ ಸದಸ್ಯರೆಲ್ಲರ ಸಭೆ. "ಸಭ್ಯಾಗೆ ನಲ್ಲಿ ವಿಚಾರ ಐತೆ. ಮೂಲ್ಯಾಗೆ ಸೆರಗು ಹೊದ್ಕಂಡು ಕೂಡ್ರಬ್ಯಾಡ. ಬಾಯಿ ಬಿಡು. ನೀರು ಹೊರಾಳು ನೀನು, ಮಾತಾಡಾರು ಅವರಾ?" ಕೊನೆಗೆ ಮಂಗಳವಾರದ ಸುದ್ದಿ. ಹರಿಹರದಲ್ಲಿ ಹೊಳೆದಂಡೆಯ ಓಣಿಗೆ ಸಿಡುಬು ಬಾರದಂತೆ ತೋಳಿಗೆ ಚುಚ್ಚುವ ದಾಕು ಹಾಕುತ್ತಾರೆ. ನೆಂಟರು ಅಲ್ಲಿದ್ದರೆ ಹೇಳಿ ಕಳಿಸಿ.

ಇಷ್ಟು ಹೇಳಿ ಮುಂದಿನ ಬಾಗಿಲಿಗೆ ಹೋಗುತ್ತಾಳೆ. ಮತ್ತೆ ಚಿಲಕ, ಮತ್ತೆ "ಕೈ ತೊಳ್ಕೊಂಡು ಬರ್ರಿ". ಊಟಕ್ಕೆ ಏಳಿಸುವ ಮಾತಿನಲ್ಲೇ ಊರಿಗೆ ಆರೋಗ್ಯ ಹಂಚುತ್ತಿರುವ ಈ ಹೆಂಗಸಿನ ಹೆಸರು ಯಾವ ಭಾಷಣದಲ್ಲೂ ಬರುವುದಿಲ್ಲ. ಸಂಘದ ಸಭೆಗಳಲ್ಲಿ ಹೂವಿನ ಹಾರ ವೇದಿಕೆಯ ಮೇಲಿನವರ ಕೊರಳಿಗೆ. ವೇದಿಕೆಯ ಮುಂದೆ ಜನ ಕೂತಿದ್ದಾರಲ್ಲ, ಅವರನ್ನು ಅಲ್ಲಿಗೆ ಕರೆತಂದವಳು ಬಾಗಿಲ ಹತ್ತಿರ ಚಪ್ಪಲಿ ಕಾಯುತ್ತ ನಿಂತಿರುತ್ತಾಳೆ.

ಕರೆಯುವುದು ದ್ಯಾಮವ್ವನಿಗೆ ಹೊಸ ಕೆಲಸವಲ್ಲ. ಹಿಂದೆ ಆಕೆ ಮದುವೆಗೆ ಕರೆಯುತ್ತಿದ್ದಳು. ಪೇಟೆಯ ದೊಡ್ಡ ಮನೆಗಳಲ್ಲಿ ಮದುವೆ, ತೊಟ್ಟಿಲು, ಸೀಮಂತ ಏನೇ ಇರಲಿ, ಮನೆಯೊಡತಿಯ ಮುಂದೆ ಕುಂಕುಮದ ಬಟ್ಟಲು ಹಿಡಿದು ಬಾಗಿಲು ಬಾಗಿಲಿಗೆ ಹೋಗುವವಳು ಈಕೆಯೇ. ಯಾವ ಓಣಿಯಲ್ಲಿ ಯಾರು, ಯಾರ ಮಗಳು ಯಾವ ಊರಿಗೆ, ಯಾವ ಮನೆಯವರು ಯಾವ ಮನೆಯವರೊಡನೆ ಮಾತು ಬಿಟ್ಟಿದ್ದಾರೆ, ಎಲ್ಲ ನಾಲಗೆಯ ತುದಿಯಲ್ಲಿ. ಗಂಡ ಮಾಳಪ್ಪ ಹತ್ತಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಒಂದು ಬೇಸಿಗೆ ಓಣಿಗೆ ವಾಂತಿಭೇದಿ ಬಂತು. ಮುಂಜಾನೆ ಗಿರಣಿಗೆ ಹೋದ ಮಾಳಪ್ಪ ಮರುದಿನ ಮುಂಜಾನೆ ಇರಲಿಲ್ಲ.

"ಊರಿಗೆಲ್ಲ ಮದುವಿ ಸುದ್ದಿ ಹೇಳ್ಕೊಂಡು ತಿರುಗಿದಾಕಿ ನಾನು," ಎನ್ನುತ್ತಾಳೆ ದ್ಯಾಮವ್ವ. "ನೀರು ಕಾಸಿ ಕುಡೀರಿ ಅಂತ ನಮ್ ಬಾಗ್ಲಿಗೆ ಒಬ್ರೂ ಬಂದು ಹೇಳ್ಲಿಲ್ಲ. ಅಷ್ಟೇ ಒಂದು ಮಾತು. ಅದನ್ನ ಹೇಳಾಕೆ ಎಷ್ಟೊತ್ತು ಬೇಕ್ರಿ?"

ಗಂಡ ಹೋದ ಮೇಲೆ ಕುಂಕುಮದ ಬಟ್ಟಲೂ ಹೋಯಿತು. ನಿನ್ನೆಯವರೆಗೆ ಶುಭದ ಕಾಲು ಎನಿಸಿಕೊಂಡಿದ್ದ ಅದೇ ಕಾಲು ಇವತ್ತು ಅಶುಭ. ನಮ್ಮ ಊರಿನ ಶುಭ ಅಶುಭಗಳ ನ್ಯಾಯ ಎಂಥದೋ ನೋಡಿ. ಬಾಗಿಲ ಮುಂದೆ ಚರಂಡಿ ತುಂಬಿ ಹರಿದರೆ ಅಶುಭವಲ್ಲ. ಕುಡಿಯುವ ಕೊಡದಲ್ಲಿ ಹುಳ ಆಡಿದರೆ ಅಶುಭವಲ್ಲ. ಬಡಾವಣೆಯ ಹೂಗಿಡಕ್ಕೆ ನಲ್ಲಿಯ ನೀರು, ಗಿರಣಿಯ ಕೂಲಿಯವನಿಗೆ ಹಳ್ಳದ ನೀರು, ಅದೂ ಅಶುಭವಲ್ಲ. ಆ ನೀರು ಕುಡಿದು ಸತ್ತವನ ಹೆಂಡತಿ ಮುಂಜಾನೆ ಎದುರಿಗೆ ಬಂದರೆ ಮಾತ್ರ ಹಿಂದಕ್ಕೆ ಹೋಗಿ ಕಾಲು ತೊಳೆದುಕೊಳ್ಳಬೇಕು! ಇದನ್ನು ಮಾಡಿದವರು ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು ಸಮಾನತೆಯ ಮಾತಾಡುವ ನಮ್ಮವರೇ. ಬೇರೆ ದೇಶದಿಂದ ಯಾರೂ ಬಂದಿರಲಿಲ್ಲ.

ದ್ಯಾಮವ್ವನನ್ನು ಸಂಘಕ್ಕೆ ಕರೆದವರು ಕಾರ್ಯದರ್ಶಿ ವಾಮದೇವಪ್ಪ. ಚೌಕಿಪೇಟೆಯಲ್ಲಿ ಅವರದು ಜವಳಿ ಅಂಗಡಿ, ಅದರ ಅಟ್ಟದ ಮೇಲೆ ಸಂಘದ ಕೋಣೆ. ನೋಟೀಸು ಅಂಟಿಸಿದರೆ ಓದುವವರಿಲ್ಲ, ಓದುವವರಿಗೆ ಬರಲು ಪುರುಸೊತ್ತಿಲ್ಲ. ಆಗ ಅವರಿಗೆ ತಮ್ಮ ಮಗಳ ಮದುವೆಗೆ ಊರನ್ನೇ ಕರೆದ ದನಿ ನೆನಪಾಯಿತಂತೆ. ಈಗ ವಾರಕ್ಕೊಮ್ಮೆ ದ್ಯಾಮವ್ವ ಅಟ್ಟದ ಮೆಟ್ಟಿಲ ಮೇಲೆ ಕೂರುತ್ತಾಳೆ. ವಾಮದೇವಪ್ಪ ಕನ್ನಡಕ ಏರಿಸಿ ತಾವು ಬರೆದದ್ದನ್ನು ಓದುತ್ತಾರೆ: "ಮಾನ್ಯ ಸದಸ್ಯರ ಅವಗಾಹನೆಗೆ ತರಬಯಸುವುದೇನೆಂದರೆ..." ಆಕೆ ಕಣ್ಣು ಮುಚ್ಚಿ ಕೇಳುತ್ತಾಳೆ. ಆಮೇಲೆ ಅದನ್ನೇ ತನ್ನ ಮಾತಿನಲ್ಲಿ ತಿರುಗಿ ಹೇಳುತ್ತಾಳೆ. ತಪ್ಪಿದ್ದಲ್ಲಿ ಅವರು ತಿದ್ದುತ್ತಾರೆ, ಉದ್ದವಾದಲ್ಲಿ ಆಕೆ ಕತ್ತರಿಸುತ್ತಾಳೆ.

"ನಾನು ಬರಿಯಾದು ನೋಟೀಸು ಕಣ್ರಿ. ಈಕಿ ಬಾಯಾಗೆ ಅದು ಕರೆ ಆಗ್ತೈತೆ," ಎಂದು ವಾಮದೇವಪ್ಪ ನಗುತ್ತಾರೆ.

ಭಟ್ಟಿಯ ಓಣಿ, ಗಿರಣಿ ಕೂಲಿಗಳ ಮನೆಸಾಲುಗಳು, ನಿಟ್ಟುವಳ್ಳಿ, ಶಾಮನೂರು, ರೈಲು ಹತ್ತಿದರೆ ಹರಿಹರ. ಎಲ್ಲ ಬರಿಗಾಲು. ದಿನಕ್ಕೆ ಎಷ್ಟು ಮೈಲಿ ಆಗುತ್ತದೆ ಎಂದು ಕೇಳಿದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. "ಮೈಲಿ ಅನ್ಬ್ಯಾಡ್ರಿ ಸ್ವಾಮಿ, ಓಣ್ಯಾಗೆ ನಿಂತ್ಕೊಂಡು! ಮಂದಿ ಬಾಗ್ಲು ಹಾಕ್ಕೊಂಡು ಬೇವಿನಸೊಪ್ಪು ಕಟ್ತಾರೆ." ಸಿಡುಬಿಗೂ ಇಲ್ಲಿ ಮೈಲಿ ಎಂದೇ ಹೆಸರು. ದಾರಿ ಅಳೆಯುವ ಮಾತನ್ನೂ ಅಳೆದು ಆಡಬೇಕಾದ ಕೆಲಸ ಇದು.

ಬೈಸಿಕೊಳ್ಳುವುದು ದಿನದ ಪಾಡು. ಮುಂಜಾನೆಯೇ ಮುಂಡೆ ಮುಖ ನೋಡಿದೆವು ಎಂದು ಕದ ಬಡಿದವರಿದ್ದಾರೆ. ಮೈಮೇಲೆ ನೀರು ಎರಚಿದವರೂ ಇದ್ದಾರೆ. "ನೀರು ಎರಚಿದಾಕಿ ಮನ್ಯಾಗೇ ಎರಡು ಕೂಸಿಗೆ ದಾಕು ಹಾಕ್ಸೀನಿ," ಎನ್ನುವಾಗ ದ್ಯಾಮವ್ವನ ಮುಖದಲ್ಲಿ ಸೇಡು ತೀರಿಸಿಕೊಂಡ ಕಳೆ. "ಸೀರಿ ಒಣಗಿತು. ಆ ಕೂಸುಗಳು ಈಗ ಸಾಲಿಗೆ ಹೋಗ್ತಾವೆ."

ಇಂಥ ದ್ಯಾಮವ್ವನ ಕೆಲಸಕ್ಕೇ ಸಂಚಕಾರ ಬಂದದ್ದು ಹರಿಹರದಲ್ಲಿ. ಅದಕ್ಕೆ ಕಾರಣ ಆಕೆಯ ಹೆಸರು.

ಸಿಡುಬನ್ನು ದೇಶದಿಂದಲೇ ಅಟ್ಟಬೇಕೆಂದು ಸರ್ಕಾರ ಹೋದ ವರ್ಷದಿಂದ ಹೊರಟಿದೆ. ಹರಿಹರದ ಹೊಳೆಯಾಚೆಯ ಹಳ್ಳಿಯೊಂದರಲ್ಲಿ ಈ ಫಾಲ್ಗುಣದಲ್ಲಿ ಸಿಡುಬು ಕಾಣಿಸಿಕೊಂಡಿತು. ಈಚೆ ದಡದ ಓಣಿಯ ಮಕ್ಕಳಿಗೆ ಬೇಗ ದಾಕು ಹಾಕಿಸಬೇಕೆಂದು ಸಂಘ ಒಂದು ಮಂಗಳವಾರ ಗೊತ್ತು ಮಾಡಿತು. ಹಿಂದಿನ ದಿನ ಹೋಗಿ ಕರೆಯಬೇಕಾದ ದ್ಯಾಮವ್ವ ಜ್ವರದಲ್ಲಿ ಮಲಗಿದ್ದಳು. ವಾಮದೇವಪ್ಪ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದರು. ಆತ ಓಣಿಯ ಬಾಯಲ್ಲಿ ಬಸ್ಸು ನಿಲ್ಲಿಸಿ, ಕಿಟಕಿಯಿಂದ ಕೂಗಿ, ಸೀಟಿ ಊದಿಕೊಂಡು ಹೊರಟುಹೋದ:

"ನಾಳೆ ಮುಂಜಾನೆ ದ್ಯಾಮವ್ವ ಬರ್ತಾಳಂತೆ! ಕೂಸು, ಮಕ್ಕಳು, ಮುದುಕರು ಎಲ್ಲಾ ಮನಿ ಬಿಟ್ಟು ಹೊರಗೆ ಬರ್ಬೇಕಂತೆ!"

ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ದ್ಯಾಮವ್ವ ಎಂದರೆ ಊರದೇವತೆಯೂ ಹೌದು. ಸಿಡುಬಾಗಿ ಬರುವವಳೂ ಅವಳೇ ಎಂದು ಓಣಿಯ ನಂಬಿಕೆ. ಮೇಲಾಗಿ ಮಂಗಳವಾರ, ಅವಳ ವಾರ. ಅವಳು ಬರುವ ದಿನ ಜನ ಮನೆ ಬಿಟ್ಟು ಊರಾಚೆ ಹಗಲು ಕಳೆದು ಬರುವುದಕ್ಕೆ ಹೊರಬೀಡು ಎನ್ನುತ್ತಾರೆ. ಇನ್ನೇನು ಬೇಕು? ಬೆಳಗಾಗುವುದರೊಳಗೆ ಓಣಿಗೆ ಓಣಿಯೇ ಬಾಗಿಲಿಗೆ ಮುಳ್ಳು ಬಡಿದು, ಕೊಡ, ಕೋಳಿ, ಕೂಸು ಕಟ್ಟಿಕೊಂಡು ಹೊಳೆಯ ಮರಳಿಗೆ ಹೋಗಿ ಕೂತಿತು. ಜ್ವರದಲ್ಲೇ ಎದ್ದು ರೈಲಿಳಿದು ಬಂದ ದ್ಯಾಮವ್ವನಿಗೂ, ದಾಕು ಹಾಕುವ ಮೈಲಾರಲಿಂಗಪ್ಪನಿಗೂ ಎದುರಾದದ್ದು ಮರೆತುಹೋದ ಒಂದು ಹೇಂಟೆ.

"ಹೇಂಟಿಗೇ ಹಾಕ್ಲೇನಕ್ಕ ದಾಕು, ಅಂದ ಮೈಲಾರಪ್ಪ," ಎಂದು ದ್ಯಾಮವ್ವ ನಗುತ್ತಾಳೆ. "ನಗೋ ಮಾತಲ್ರಿ ಅದು. ಮಂಜುಗಡ್ಡಿನಾಗೆ ಇಟ್ಟು ತಂದ ಔಷಧಿ ಎಲ್ಲಾ ಕೆಟ್ಟು ಹೋತು. ಮಂದಿ ಹೋಗಿ ಕುಂತಿದ್ದು ಎಲ್ಲಿ? ಹೊಳಿಯಾಚೆ ಬ್ಯಾನಿ ಇದ್ದ ಊರಿನ ಕಡಿಗೇ."

ನಿಜ ತಿಳಿದ ಮೇಲೆ ಓಣಿಯವರಿಗೆ ಸಿಟ್ಟು ಬಂತು. ದೇವಿಯ ಹೆಸರಿನಲ್ಲಿ ನಮ್ಮನ್ನು ಬಿಸಿಲಲ್ಲಿ ಕೂರಿಸಿ ಆಟ ಆಡಿದರು, ದಾಕೂ ಬೇಡ ನಿಮ್ಮ ಸಂಘವೂ ಬೇಡ ಎಂದರು. ಇತ್ತ ಸಂಘದ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ನಿಂತು, ದ್ಯಾಮವ್ವ ಎಂಬ ಹೆಸರಿನವಳನ್ನು ಸಿಡುಬಿನ ಕೆಲಸಕ್ಕೆ ಕಳಿಸಿದರೆ ಇನ್ನೇನಾದೀತು, ಆಕೆ ಹೆಸರಾದರೂ ಬದಲಾಯಿಸಿಕೊಳ್ಳಲಿ, ಇಲ್ಲ ಕೆಲಸವಾದರೂ ಬಿಡಲಿ ಎಂದರು. ಟಾಂಗಾಕ್ಕೆ ಮೈಕು ಕಟ್ಟಿ ಸಾರಿದರೆ ಸಾಕು ಎಂದರು ಇನ್ನೊಬ್ಬರು. ಕಡೆಗೆ ಇನ್ನೊಂದು ಮಂಗಳವಾರ ನೋಡುವುದು, ಆಗಲೂ ಓಣಿ ಬರದಿದ್ದರೆ ದ್ಯಾಮವ್ವ ಬೇಡ, ಮೈಕು ಎಂದು ತೀರ್ಮಾನವಾಯಿತು.

ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡ ದ್ಯಾಮವ್ವ ಒಂದೇ ಮಾತು ಆಡಿದಳಂತೆ: "ಬಟ್ಲು ಕಸ್ಕೊಂಡ್ರು, ಕೊಟ್ಟೆ. ಹೆಸ್ರು ನಮ್ಮವ್ವ ಇಟ್ಟಿದ್ದು. ಅದು ಕೊಡಾದಿಲ್ಲ."

ಆ ಇನ್ನೊಂದು ಮಂಗಳವಾರವೇ ಭಟ್ಟಿಯ ಓಣಿಯಲ್ಲಿ ಆಕೆ ಸಾರಿದ ಮಂಗಳವಾರ.

ಸೋಮವಾರ ಆಕೆ ಈ ಸಲ ಕಂಡಕ್ಟರನ ಬಾಯಿಗೆ ಸುದ್ದಿ ಕೊಡದೆ ತಾನೇ ರೈಲು ಹತ್ತುತ್ತಾಳೆ. ಹೊಳೆದಂಡೆಯ ಓಣಿಯಲ್ಲಿ ಮೊದಲ ಮನೆ ಕರಿಯವ್ವನದು. ಓಣಿಯಲ್ಲಿ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಈ ಮುದುಕಿಯ ಮಾತೇ ನಡೆಯುವುದು. ಚಿಲಕದ ಸದ್ದಿಗೆ ಹೊರಬಂದವಳು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳೆ.

"ಬಂದೇನವ್ವ ಮಹಾತಾಯಿ? ಈ ಸಲ ಎಲ್ಲಿಗೆ ಓಡ್ಸಾಕೆ ಬಂದಿ?"

"ಈ ಸಲ ನೀವು ಓಡಿದ್ರೆ ನಾನೂ ನಿಮ್ ಹಿಂದೇನೇ ಓಡಾದು ಅಂತ ಬಂದೀನಿ."

"ಹಂಗಾದ್ರೆ ಸೀರಿ ಎತ್ತಿ ಕಟ್ಕೊ. ನಾಳೆ ಹೊರಬೀಡು ಐತೆ. ಹೋದ ಸಲ ದೇವಿನ್ನ ಕರೀದೇ ಹೋಗಿ ಕುಂತು ಬಂದ್ವಿ, ಅರ್ಧಕ್ಕೆ ನಿಂತಂಗಾತು. ಅದನ್ನ ಸರಿಯಾಗಿ ಮಾಡಿ ಮುಗಿಸ್ಬೇಕು ಅಂತ ಮಂದಿ ಮಾತಾಡ್ಯಾರೆ."

ದ್ಯಾಮವ್ವನ ಕೈ ಚಿಲಕದ ಮೇಲೆ ಹಾಗೇ ನಿಲ್ಲುತ್ತದೆ. ದಾಕಿನ ದಿನವೇ ಹೊರಬೀಡು. ಔಷಧಿ ಮಂಜುಗಡ್ಡೆಯಲ್ಲಿ ಹೊರಡಲು ಸಿದ್ಧವಾಗಿದೆ. ನಾಳೆಯೂ ಓಣಿ ಬರಿದು! ಕಟ್ಟೆಯ ಮೇಲೆ ಕೂತು, ಕೊಟ್ಟ ನೀರು ಕುಡಿದು ಕೇಳುತ್ತಾಳೆ.

"ತಿರುಗಿ ಮನಿಗೆ ಬರಾವಾಗ ಬೇವಿನ ನೀರು ಚಿಮುಕಿಸ್ತೀರಲ್ಲ, ಎಲ್ಲಿ?"

"ಓಣಿ ಬಾಯಾಗೆ. ನಾನೇ ಚಿಮುಕಿಸಾದು. ಯಾಕ?"

"ನಿಮ್ ಪಕ್ಕಕ್ಕೆ ಮೈಲಾರಪ್ಪ ಕುಂತ್ಕೊಳ್ಲಿ. ಬೇವಿನ ನೀರು ತಲಿಗೆ, ದಾಕು ತೋಳಿಗೆ. ದೇವಿ ಕೆಲ್ಸನೂ ಆಗ್ತೈತೆ, ಸಂಘದ ಕೆಲ್ಸನೂ ಆಗ್ತೈತೆ."

"ಹೊರಬೀಡಿನಾಗೆ ಹೊರಗಿನೋರು ಕಾಲಿಡಂಗಿಲ್ಲ."

"ನಾನು ಹೊರಗಿನಾಕೇನು? ಹೋದ ಸಲ ನೀವೇ ನನ್ನ ದೇವಿ ಮಾಡಿ ಮನಿ ಬಿಟ್ಟು ಹೋಗಿದ್ರಿ."

ಕರಿಯವ್ವ ನಗು ತಡೆಯಲು ಬಾಯಿಗೆ ಸೆರಗು ತುರುಕಿಕೊಳ್ಳುತ್ತಾಳೆ. ಒಪ್ಪಿದೆ ಎನ್ನುವುದಿಲ್ಲ. "ಬಂದ್ ನೋಡು," ಎನ್ನುತ್ತಾಳೆ. ಅಷ್ಟನ್ನೇ ಹಿಡಿದುಕೊಂಡು ದ್ಯಾಮವ್ವ ಸಂಜೆಯ ರೈಲಿಗೆ ತಿರುಗಿ ಬಂದು, ಅಟ್ಟ ಹತ್ತಿ, ವಾಮದೇವಪ್ಪನವರಿಗೆ ಎದುರಿಗೇ ಹೇಳುತ್ತಾಳೆ. ಬೆಳಿಗ್ಗೆಯಲ್ಲ, ಸಂಜೆಗೆ. ಓಣಿಯ ಒಳಗಲ್ಲ, ಓಣಿಯ ಬಾಯಲ್ಲಿ. ಮಂಜುಗಡ್ಡೆ ಜಾಸ್ತಿ ಬೇಕು. ವಾಮದೇವಪ್ಪ ಕನ್ನಡಕ ತೆಗೆದು ಅವಳ ಮಾತನ್ನು ತಾವು ಒಂದು ಸಲ ತಿರುಗಿ ಹೇಳಿ ಒಪ್ಪಿಸುತ್ತಾರೆ.

ಮಂಗಳವಾರ. ಬಿಸಿಲು ಇಳಿದ ಹೊಳೆ. ಮರಳಿನ ಮೇಲೆ ಮನೆಮನೆಯವರು ತಮ್ಮ ತಮ್ಮ ತಾಮ್ರದ ಕೊಡದ ಸುತ್ತ ಕೂತಿದ್ದಾರೆ, ಬುತ್ತಿ ಉಂಡು ಮುಗಿದಿದೆ. ಓಣಿಯ ಬಾಯಲ್ಲಿ ಬೇವಿನ ನೀರಿನ ಹಂಡೆ, ಅದರ ಪಕ್ಕ ಹುಣಸೆಮರದ ಕೆಳಗೆ ಮೈಲಾರಲಿಂಗಪ್ಪನ ಪೆಟ್ಟಿಗೆ. ಹೊಟ್ಟಿನಲ್ಲಿ ಹೂತ ಮಂಜುಗಡ್ಡೆ ಕರಗಿ ಕರಗಿ ಅಂಗೈಯಷ್ಟು ಉಳಿದಿದೆ. ವಾಮದೇವಪ್ಪ ಅದನ್ನೇ ನೋಡುತ್ತ ನಿಂತಿದ್ದಾರೆ.

ಮೊದಲು ಎದ್ದ ಎರಡು ಮನೆಯವರು ಬೇವಿನ ನೀರಿಗೆ ತಲೆ ಒಡ್ಡಿ, ಪೆಟ್ಟಿಗೆಯ ಕಡೆ ನೋಡದೆ, ಮಕ್ಕಳ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ದಾಟಿಹೋಗುತ್ತಾರೆ. ಮೈಲಾರಲಿಂಗಪ್ಪ ದ್ಯಾಮವ್ವನ ಮುಖ ನೋಡುತ್ತಾನೆ. ಕರೆಯಬೇಕು. ಆದರೆ ಮರಳಿನ ಮೇಲೆ ಮನೆಯಿಲ್ಲ, ಬಾಗಿಲಿಲ್ಲ, ಚಿಲಕವಿಲ್ಲ.

ದ್ಯಾಮವ್ವ ಮರಳಿಗೆ ಇಳಿಯುತ್ತಾಳೆ. ಮೊದಲ ಗುಂಪಿನ ಮುಂದೆ ಬಾಗಿ, ಅವರ ತಾಮ್ರದ ಕೊಡಕ್ಕೆ ಬೆರಳ ಗಿಣ್ಣಿನಿಂದ ಎರಡು ಸಲ ಬಡಿಯುತ್ತಾಳೆ.

"ಅವ್ವಾ, ಸಂಘದ ಸುದ್ದಿ. ಕೈ ತೊಳ್ಕೊಂಡು ಬರ್ರಿ."

ಯಾರೋ ಕಿಸಕ್ಕನೆ ನಗುತ್ತಾರೆ. ದ್ಯಾಮವ್ವ ಇನ್ನೊಂದು ಕೊಡದ ಹತ್ತಿರ ಹೋಗುತ್ತಾಳೆ. ಟಣ್, ಟಣ್. ಮತ್ತೊಂದು ಕೊಡ. ಒಂದೊಂದು ಮನೆಯವರನ್ನೂ ಅವರವರ ಮಕ್ಕಳ ಹೆಸರು ಹಿಡಿದು ಕರೆಯುತ್ತಾಳೆ. ಮದುವೆಗೆ ಕರೆಯುವ ದನಿ ಅದು, ಹೆದರಿಸುವ ದನಿಯಲ್ಲ. ಕೊಡದ ಸದ್ದು ಹೊಳೆಯ ಮೇಲೆ ಆಚೆ ದಡದವರೆಗೆ ಹೋಗುತ್ತದೆ.

ಹಂಡೆಯ ಹತ್ತಿರ ನಿಂತ ಕರಿಯವ್ವ ಬೇವಿನ ಸೊಪ್ಪನ್ನು ಕೆಳಗಿಟ್ಟು, ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ತೋಳು ಚಾಚುತ್ತಾಳೆ.

"ಹಾಕಪ್ಪ ಮೈಲಾರ. ತೋಳು ಬರೀ ಸುಕ್ಕು. ಜಾಗ ಸಿಗ್ತೈತೇನು ನೋಡು."

"ನಿಮಗೆ ಹಾಕಿದ್ರೆ ರೋಗಕ್ಕೇ ಹೆದ್ರಿಕಿ ಆಗ್ತೈತೆ ಬಿಡ್ರಿ ಯಜಮಾನಿ," ಎನ್ನುತ್ತಾನೆ ಮೈಲಾರಲಿಂಗಪ್ಪ. ಮರಳಿನ ಮೇಲಿದ್ದವರೆಲ್ಲ ಗೊಳ್ಳೆಂದು ನಗುತ್ತಾರೆ. ನಗುತ್ತಲೇ ಏಳುತ್ತಾರೆ. ಮಕ್ಕಳು ಅಳುತ್ತವೆ, ತಾಯಂದಿರು ರಮಿಸುತ್ತಾರೆ, ದಾಟಿಹೋಗಿದ್ದ ಆ ಎರಡು ಮನೆಯವರೂ ಸೆರಗು ಸರಿಸಿ ತಿರುಗಿ ಬರುತ್ತಾರೆ. ಓಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮಂಜುಗಡ್ಡೆ ನೀರಾಗಿದೆ, ಔಷಧಿಯೂ ಮುಗಿದಿದೆ. ತೋಳು ತೋರಿಸದ ಕೂಸು ಓಣಿಯಲ್ಲಿ ಉಳಿದಿಲ್ಲ.

ಹೆಸರು ಬದಲಾಯಿಸಿಕೊಳ್ಳಲಿ ಎಂದ ಸದಸ್ಯರು ಅಲ್ಲಿರಲಿಲ್ಲ. ಇರಬೇಕಿತ್ತು. ದ್ಯಾಮವ್ವ ಬರುತ್ತಾಳೆಂದು ಓಡಿಹೋದ ಓಣಿಯೇ ದ್ಯಾಮವ್ವ ಕರೆದಳೆಂದು ಎದ್ದು ಬಂತು. ಹೆಸರು ಅದೇ, ಓಣಿಯೂ ಅದೇ. ಮೈಕಿಗೆ ದೊಡ್ಡ ಬಾಯಿ ಇದ್ದೀತು, ಯಾವ ಕೂಸಿನ ಹೆಸರು ಏನೆಂದು ಅದಕ್ಕೆ ಗೊತ್ತಿಲ್ಲ. "ಟಾಂಗಾದವನಿಗೆ ಬ್ಯಾಡ ಅಂತ ನಾನೇ ಹೇಳ್ತೀನಿ," ಎನ್ನುತ್ತ ವಾಮದೇವಪ್ಪ ಖಾಲಿ ಪೆಟ್ಟಿಗೆಯನ್ನು ತಾವೇ ಎತ್ತಿಕೊಳ್ಳುತ್ತಾರೆ.

ಸ್ಟೇಷನ್ನಿಗೆ ಹೊರಟ ದ್ಯಾಮವ್ವನನ್ನು ಕರಿಯವ್ವ ಹಿಂದಿನಿಂದ ಕೂಗುತ್ತಾಳೆ.

"ಏಯ್, ನಿಲ್ಲು. ವೈಶಾಖದಾಗೆ ನನ್ ಮೊಮ್ಮಗಳ ಮದುವಿ ಐತೆ. ಕರಿಯಾಕೆ ನೀನೇ ಬರ್ಬೇಕು. ಬಟ್ಲು ನಮ್ ಮನ್ಯಾಗೆ ಐತೆ."

ದ್ಯಾಮವ್ವ ತಿರುಗುತ್ತಾಳೆ. ದನಿ ಮೊದಲ ಸಲ ಸಣ್ಣದಾಗುತ್ತದೆ. "ನಾನು ಗಂಡ ಸತ್ತಾಕಿ, ಅವ್ವ."

"ಗೊತ್ತೈತೆ ಬಿಡು. ನನ್ ಗಂಡನೂ ಸತ್ತಾನೆ."

ಎಷ್ಟೋ ವರ್ಷದ ಹಿಂದೆ ಕಸಿದುಕೊಂಡ ಬಟ್ಟಲು ಹೊಳೆದಂಡೆಯಲ್ಲಿ ತಿರುಗಿ ಕೈಗೆ ಬರುತ್ತಿದೆ. ದ್ಯಾಮವ್ವ ಸೆರಗಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಾಳೆ. ಆಮೇಲೆ ಕೆಲಸದವಳ ದನಿಯಲ್ಲಿ ಕೇಳುತ್ತಾಳೆ.

"ಕರಿಯಾದು ಯಾವತ್ತು?"

"ಸೋಮವಾರ ಒಳ್ಳೇದು."

"ಸೋಮವಾರ ಆಗಂಗಿಲ್ಲವ್ವ. ಮಂಗಳವಾರ ಇನ್ನೊಂದು ಓಣ್ಯಾಗೆ ದಾಕು ಐತೆ, ಸೋಮವಾರನೇ ಹೋಗಿ ಹೇಳ್ಬೇಕು. ಬ್ಯಾರೆ ದಿನ ನೋಡ್ರಿ, ಬರ್ತೀನಿ." ಎರಡು ಹೆಜ್ಜೆ ನಡೆದು, ನಿಂತು, ತಿರುಗಿ ಹೇಳುತ್ತಾಳೆ: "ಮದುವಿಗೆ ಕರೀದಿದ್ರೂ ಮಂದಿ ಬರ್ತಾರೆ. ದಾಕಿಗೆ ಕರೀಬೇಕು."